ಹಿಂದಿನ ಕೆಂಪು ದೀಪ

ಸಂಜೆ ದೇವರಿಗೆ ದೀಪ ಹಚ್ಚಿ, ತುಳಸಿಕಟ್ಟೆಗೊಂದು ಹಣತೆ ಇಟ್ಟು, ಆಮೇಲೆ ನಾನು ಅಂಗಳದಲ್ಲಿರುವ ಟ್ರ್ಯಾಕ್ಟರ್ ಟ್ರೈಲರಿನ ಹಿಂದೆ ಹೋಗಿ ನಿಲ್ಲುತ್ತೇನೆ ಎಂದರೆ ನೀವು ನಗುತ್ತೀರಿ, ಅಲ್ಲವೆ? ನಗಿ, ಪರವಾಗಿಲ್ಲ. ನಮ್ಮತ್ತೆಯವರೂ ಮೊದಮೊದಲು ನಗುತ್ತಿದ್ದರು. “ಇದೆಂತ ಮಾರಾಯ್ತಿ, ದೇವರಿಗಾಯ್ತು, ತುಳಸಿಗಾಯ್ತು, ಇನ್ನು ಗಾಡಿಗೂ ಮಂಗಳಾರತಿಯಾ?” ಅನ್ನುತ್ತಿದ್ದರು. ಈಗ ಅವರೇ ಜಗುಲಿಯ ಮೇಲಿಂದ ಕೂಗುತ್ತಾರೆ: “ಹಿಂದಿನ ದೀಪ ನೋಡಿದ್ಯೇನೇ?”

ಈ ಅಭ್ಯಾಸ ಸುಮ್ಮನೆ ಬಂದದ್ದಲ್ಲ. ಅದಕ್ಕೆ ಪಕ್ಕದ ಮನೆಯ ಹುಡುಗನೊಬ್ಬ ತನ್ನ ಕಾಲಿನ ಬೆಲೆ ಕೊಟ್ಟಿದ್ದಾನೆ. ಬಾಯಿ ಬಿಡಬೇಕಾದಾಗ ಬಿಡದೆ ಕುಳಿತ ನನ್ನ ತಪ್ಪೂ ಅದರಲ್ಲಿದೆ. ಅದನ್ನು ನಿಮ್ಮಂಥ ಅಕ್ಕತಂಗಿಯರ ಮುಂದೆ ಹೇಳಿಕೊಂಡರೆ ಒಂದಿಬ್ಬರಿಗಾದರೂ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ.

ನಮ್ಮದು ಕೊಪ್ಪ ತಾಲ್ಲೂಕಿನ ಭಂಡಿಗಡಿ ಕಡೆ. ಊರಿನ ಹೆಸರಿನಲ್ಲೇ ಬಂಡಿ ಇದೆಯಲ್ಲ, ಬಂಡಿಯಿಲ್ಲದೆ ಹೇಗಿರ್ತೀರಿ ಎಂದು ಬಯಲುಸೀಮೆಯ ನೆಂಟರು ತಮಾಷೆ ಮಾಡುವುದುಂಟು. ನಿಜವೇ ಅನ್ನಿ. ಅಡಿಕೆ ತೋಟದ ಬಾಳು ಗಾಡಿಯಿಲ್ಲದೆ ನಡೆಯುವುದಿಲ್ಲ. ಗೊಬ್ಬರ ಹೋಗಬೇಕು, ಸೊಪ್ಪು ಬರಬೇಕು, ಕೊನೆ ತೆಗೆಯುವ ಕಾಲದಲ್ಲಂತೂ ದಿನಕ್ಕೆ ಎಷ್ಟು ಸಲವೋ! ನಮ್ಮವರು ಹಳೆಯದೊಂದು ಟ್ರ್ಯಾಕ್ಟರ್ ತಂದರು, ಅದಕ್ಕೊಂದು ಅದಕ್ಕಿಂತ ಹಳೆಯ ಟ್ರೈಲರ್ ಕಟ್ಟಿದರು.

2018ರ ನವರಾತ್ರಿಯ ಹೊತ್ತಿಗೇ ನಾನು ಕಂಡಿದ್ದೆ. ಟ್ರೈಲರಿನ ಹಿಂದಿನ ಕೆಂಪು ದೀಪ ಒಂದು ದಿನ ಉರಿಯುತ್ತಿತ್ತು, ಒಂದು ದಿನ ಇಲ್ಲ. ಉರಿದರೂ ಎಣ್ಣೆ ತೀರಿದ ಹಣತೆಯ ಹಾಗೆ ಮಿಣುಕು ಮಿಣುಕು. “ರೀ, ಹಿಂದಿನ ದೀಪ ಸರಿಯಿಲ್ಲ ನೋಡಿ” ಎಂದೆ. “ಬಲ್ಬು ಹೋಗಿರಬೇಕು ಕಣೇ, ನೋಡೋಣ” ಎಂದರು. ಗ್ಯಾರೇಜಿಗೆ ಒಯ್ದರು, ಬಲ್ಬು ಬದಲಾಯಿತು, ಅಲ್ಲಿ ಚೆನ್ನಾಗಿಯೇ ಉರಿಯಿತಂತೆ. ಮನೆ ಅಂಗಳಕ್ಕೆ ಬರುವಷ್ಟರಲ್ಲಿ ಮತ್ತೆ ಕತ್ತಲೆ! ಇನ್ನೊಮ್ಮೆ ಒಯ್ದರು, ಇನ್ನೊಂದು ಬಲ್ಬು. ಮೂರನೆಯ ಸಲ ನಾನು ಹೇಳಲು ಹೋಗಲಿಲ್ಲ. ಗಾಡಿಯ ವಿಷಯ ಗಂಡಸರದ್ದು, ಸಾರು ಉಕ್ಕದಂತೆ ನೋಡುವುದು ನನ್ನದು ಎಂದು ಸುಮ್ಮನಾದೆ. ನೀವೂ ಎಷ್ಟೋ ವಿಷಯದಲ್ಲಿ ಹೀಗೆ ಸುಮ್ಮನಾಗಿರುತ್ತೀರಿ, ಹೌದೋ ಅಲ್ಲವೋ ಹೇಳಿ?

ಡಿಸೆಂಬರಿನ ಒಂದು ಬೆಳಗಿನ ಜಾವ. ಆರು ಗಂಟೆಗೂ ಕತ್ತಲೆ, ಮೇಲೆ ಮಂಜು. ಹಿಂದಿನ ರಾತ್ರಿಯೇ ತುಂಬಿಸಿಟ್ಟ ಗೊಬ್ಬರದ ಟ್ರೈಲರ್ ಮೇಲಿನ ತೋಟಕ್ಕೆಂದು ಹೊರಟಿತು. ತಿರುವಿನ ಏರಿನಲ್ಲಿ ಟ್ರ್ಯಾಕ್ಟರ್ ನಿಧಾನ ಮಾಡಿದೆ, ಹಿಂದಿನಿಂದ ಪಕ್ಕದ ಮನೆಯ ಹುಡುಗ ಡೈರಿಗೆ ಹಾಲು ಕೊಡಲು ಬೈಕಿನಲ್ಲಿ ಬಂದಿದ್ದಾನೆ. ಮಂಜಿನಲ್ಲಿ ಅವನಿಗೆ ಕಂಡದ್ದು ಬರೀ ಮಂಜು. ಟ್ರೈಲರಿನ ಮೂಲೆಗೆ ಬಂದು ಹೊಡೆದ. ಹೆಲ್ಮೆಟ್ ಇತ್ತು, ತಲೆ ಉಳಿಯಿತು. ಮೊಣಕಾಲ ಕೆಳಗೆ ಮೂಳೆ ಎರಡು ಕಡೆ ಮುರಿಯಿತು.

ಎರಡು ಆಪರೇಶನ್, ಎಂಟು ತಿಂಗಳ ಊರುಗೋಲು. ಸಿಗಬೇಕಾಗಿದ್ದ ಕೆಲಸ ತಪ್ಪಿತು. ಖರ್ಚಿನಲ್ಲಿ ನಮ್ಮವರು ಕೈಲಾದಷ್ಟು ಹೊತ್ತರು. ಆದರೆ ದುಡ್ಡಿನಿಂದ ಮುಗಿಯುವ ಲೆಕ್ಕವೇ ಅದು?

ಹದಿನೈದು ದಿನ ಕಳೆದ ಮೇಲೆ ಅವನ ತಾಯಿ ಹಿತ್ತಿಲ ಬಾಗಿಲಿಗೆ ಬಂದರು, ನಾನು ಗಂಜಿ ಕಳಿಸಿದ್ದ ಪಾತ್ರೆ ವಾಪಸು ಕೊಡಲು. ನಾನು ಅವರನ್ನು ಅಕ್ಕ ಎಂದೇ ಕರೆಯುವುದು. ಇಪ್ಪತ್ತು ವರ್ಷದಿಂದ ಮಿಡಿ ಉಪ್ಪಿನಕಾಯಿ ಒಟ್ಟಿಗೇ ಹಾಕಿದವರು ನಾವು. “ಒಂದು ಕೆಂಪು ಚುಕ್ಕಿ ಕಂಡಿದ್ರೂ ಸಾಕಿತ್ತಮ್ಮ ಅಂತಾನೆ ಮಗ” ಎಂದರು. ಬೈಗುಳವಲ್ಲ, ಆರೋಪವಲ್ಲ, ಸುಮ್ಮನೆ ಹೇಳಿದ ಮಾತು. ನನಗೆ ತಡೆಯಲಾಗಲಿಲ್ಲ. “ಅಕ್ಕಾ, ದೀಪ ಕೆಟ್ಟದ್ದು ನನಗೆ ಎರಡು ತಿಂಗಳಿಂದ ಗೊತ್ತಿತ್ತು” ಎಂದುಬಿಟ್ಟೆ. ಅವರು ಪಾತ್ರೆಯನ್ನು ಕಟ್ಟೆಯ ಮೇಲಿಟ್ಟು ಒಂದು ಮಾತೂ ಆಡದೆ ಹೋದರು. ಆಮೇಲೆ ಬಹಳ ತಿಂಗಳು ನಮ್ಮ ಹಿತ್ತಿಲ ಬಾಗಿಲಿಗೆ ಬರಲಿಲ್ಲ.

ಆಗ ನಿಶ್ಚಯ ಮಾಡಿದೆ. ಈ ದೀಪ ಯಾಕೆ ಕೆಟ್ಟಿತು ಎಂದು ನನಗೇ ತಿಳಿಯಬೇಕು. ಇನ್ನೊಬ್ಬರು ನೋಡುತ್ತಾರೆ ಎಂದು ಕಾಯುವುದು ಬೇಡ.

2019ರ ಸಂಕ್ರಾಂತಿಗೆ ನನ್ನ ಅಣ್ಣ ಬಂದ. ಲಾರಿಗಳ ವೈರಿಂಗ್ ಮಾಡುತ್ತಲೇ ತಲೆಕೂದಲು ಬೆಳ್ಳಗಾದವನು. ಎಳ್ಳು ಬೆಲ್ಲ ಕೈಗಿಟ್ಟು, “ಅಣ್ಣಾ, ನಂಗೆ ಆ ಟ್ರೈಲರ್ ದೀಪ ಕಲಿಸಿಕೊಡು” ಎಂದೆ. ಅವನು ನಗಲಿಲ್ಲ. “ಕಲಿ. ಒಲೆ ಹಚ್ಚಕ್ಕೆ ಬಂದವಳಿಗೆ ಇದು ಏನು ಮಹಾ” ಎಂದ.

ಮೊದಲು ನಾನು ಮಾಡಿದ ಪೆದ್ದುತನ ಕೇಳಿ. ಮನೆಯ ಸ್ವಿಚ್ಚು ನೋಡುವ ಟೆಸ್ಟರ್ ತಂದು ಟ್ರೈಲರಿನ ತಂತಿಗೆ ಚುಚ್ಚಿದೆ. ಉರಿಯಲಿಲ್ಲ. “ಕರೆಂಟೇ ಬರ್ತಿಲ್ಲ ಅಣ್ಣಾ” ಎಂದೆ. ಅವನು ಹೇಳಿದ: ಮನೆಯದು 230 ವೋಲ್ಟು, ಗಾಡಿಯದು ಬರೀ 12. ಮನೆ ಟೆಸ್ಟರಿನೊಳಗಿನ ಪುಟ್ಟ ನಿಯಾನ್ ದೀಪಕ್ಕೆ ಹನ್ನೆರಡು ವೋಲ್ಟು ಎಲ್ಲಿ ಸಾಲುತ್ತದೆ? ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ! ಗಾಡಿಗೆ ಬೇರೆಯೇ ಪರೀಕ್ಷೆ ದೀಪ ಬೇಕು. 12 ವೋಲ್ಟಿನ ಒಂದು ಸಣ್ಣ ಬಲ್ಬು, ಅದರ ಹೋಲ್ಡರು, ಎರಡು ತಂತಿ. ಒಂದು ತಂತಿಯ ತುದಿಗೆ ಕಚ್ಚಿಕೊಳ್ಳುವ ಕ್ಲಿಪ್ಪು, ಇನ್ನೊಂದರ ತುದಿಗೆ ಒಂದು ದಪ್ಪ ಸೂಜಿ. ಇಷ್ಟೇ. ನನ್ನದು ಈಗಲೂ ಹಳೆಯ ಹಾರ್ಲಿಕ್ಸ್ ಡಬ್ಬಿಯಲ್ಲಿದೆ.

ಮನೆಯ ಬಲ್ಬಿಗೆ ಎರಡು ತಂತಿ ಹೋಗುವುದನ್ನು ನೀವು ನೋಡಿರುತ್ತೀರಿ. ಕರೆಂಟು ಬರಲು ಒಂದು, ತಿರುಗಿ ಹೋಗಲು ಒಂದು. ಗಾಡಿಯ ದೀಪಕ್ಕೆ ಬಹಳ ಸಲ ಒಂದೇ ತಂತಿ ಕಾಣುತ್ತದೆ. ಹಾಗಾದರೆ ತಿರುಗಿ ಹೋಗುವ ದಾರಿ? ಗಾಡಿಯ ಕಬ್ಬಿಣದ ಮೈಯೇ ಆ ದಾರಿ! ಇದಕ್ಕೆ ‘ಅರ್ತ್’ ಎನ್ನುತ್ತಾರೆ. ಟ್ರ್ಯಾಕ್ಟರಿನ ಮೈ ಬ್ಯಾಟರಿಗೆ ಸೇರಿದೆ. ಆದರೆ ಟ್ರೈಲರ್ ಬೇರೆಯೇ ಗಾಡಿಯಲ್ಲವೆ? ಅದರ ಮೈಯಿಂದ ಟ್ರ್ಯಾಕ್ಟರಿಗೆ ಒಂದು ಅರ್ತ್ ತಂತಿ ಪ್ರತ್ಯೇಕವಾಗಿ ಹೋಗಬೇಕು. ನಮ್ಮದರಲ್ಲಿ ಆ ತಂತಿ ಎಂದೋ ತುಂಡಾಗಿ ಹೋಗಿತ್ತು. ಕರೆಂಟು ಕೊಂಡಿಯ ಪಿನ್ನಿನ ಮೂಲಕವೇ ಹೇಗೋ ತಿರುಗಿ ಹೋಗುತ್ತಿತ್ತು. ಪಿನ್ನು ಬಿಗಿಯಾಗಿ ಒತ್ತಿದಾಗ ದೀಪ ಉರಿಯುವುದು, ಕೆಸರು ತುಕ್ಕು ಅಡ್ಡಬಂದಾಗ, ಗಾಡಿ ಕುಲುಕಿದಾಗ ಆರುವುದು. ಗ್ಯಾರೇಜಿನಲ್ಲಿ ಉರಿದು ಮನೆಯಲ್ಲಿ ಆರುತ್ತಿದ್ದ ಗುಟ್ಟು ಇದು. ಬಲ್ಬಿನದು ಏನೂ ತಪ್ಪಿರಲಿಲ್ಲ!

“ಅಣ್ಣಾ, ಹಾಗಾದ್ರೆ ಪೂರ್ತಿ ಆರೋ ಬದಲು ಕೆಲವು ಸಲ ಮಿಣುಕುತ್ತಿತ್ತಲ್ಲ?” ಎಂದು ಕೇಳಿದೆ. ಅವನು ತಿರುಗಿ ಕೇಳಿದ: “ನಿಮ್ಮ ಬಚ್ಚಲ ನೀರಿನ ತೂಬು ಕಟ್ಟಿಕೊಂಡ್ರೆ ನೀರು ಎಲ್ಲಿಗೆ ಹೋಗುತ್ತೆ?” “ಪಕ್ಕದ ತೂಬಿನಿಂದ ಉಕ್ಕುತ್ತೆ.” “ಇಲ್ಲೂ ಹಂಗೇ. ತನ್ನ ದಾರಿ ಕಟ್ಟಿದ್ರೆ ಕರೆಂಟು ಪಕ್ಕದ ಬಲ್ಬಿನ ಒಳಗಿಂದ ನುಗ್ಗಿ ಹೋಗೋಕೆ ನೋಡುತ್ತೆ. ಎರಡು ಬಲ್ಬಿನ ಮಧ್ಯೆ ಬಲ ಹಂಚಿಹೋಗಿ ಮಿಣುಕು.” ಈ ಗುರುತು ನೆನಪಿಟ್ಟುಕೊಳ್ಳಿ: ಇಂಡಿಕೇಟರ್ ಹಾಕಿದಾಗ ಕೆಂಪು ದೀಪವೂ ಜೊತೆಗೆ ಮಂಕಾಗಿ ಹೊಳೆದು ಆಡುತ್ತಿದ್ದರೆ, ಬ್ರೇಕ್ ಒತ್ತಿದಾಗ ಬೆಳಕು ಹೆಚ್ಚುವ ಬದಲು ಕುಗ್ಗಿದರೆ, ಮೊದಲು ಅರ್ತ್ ನೋಡಿ. ಆಮೇಲೆ ಬಲ್ಬು.

ಪರೀಕ್ಷೆ ಬಹಳ ಸುಲಭ. ಒಂದು ಉದ್ದ ತಂತಿ ತೆಗೆದುಕೊಂಡು ಒಂದು ತುದಿಯನ್ನು ಟ್ರ್ಯಾಕ್ಟರಿನ ಬಣ್ಣವಿಲ್ಲದ ಕಬ್ಬಿಣಕ್ಕೆ, ಇನ್ನೊಂದನ್ನು ಟ್ರೈಲರಿನ ಕೆರೆದು ಹೊಳೆಯಿಸಿದ ಕಬ್ಬಿಣಕ್ಕೆ ಬಿಗಿಯಾಗಿ ಮುಟ್ಟಿಸಿ. ದೀಪಗಳೆಲ್ಲ ಒಮ್ಮೆಲೇ ಜಗ್ಗನೆ ಹೊತ್ತಿಕೊಂಡರೆ ಕಾಯಿಲೆ ಅರ್ತಿನದೇ. ಅಂದು ನಮ್ಮ ಅಂಗಳದಲ್ಲಿ ಹಾಗೇ ಆಯಿತು. ಎರಡು ಕೆಂಪು ದೀಪಗಳೂ ದಾಸವಾಳದ ಹಾಗೆ ಅರಳಿದವು. ಒಂದು ಗೇಣು ತಂತಿಯ ಕೆಲಸಕ್ಕೆ ಒಂದು ಹುಡುಗನ ಕಾಲು ಹೋಯಿತಲ್ಲ ಎಂದು ನನಗೆ ಅಳು ಬಂತು. ಅಣ್ಣ ಏನೂ ಹೇಳದೆ ತಂತಿ ಸುತ್ತುತ್ತ ಕುಳಿತ.

ಟ್ರ್ಯಾಕ್ಟರ್ ಹಿಂದೆ ಏಳು ತೂತಿನ ದುಂಡನೆಯ ಸಾಕೆಟ್ಟು ಇರುತ್ತದೆ. ಹೊರದೇಶಗಳಲ್ಲಿ ಕೆಲವರು ರಜೆ ಬಂತೆಂದರೆ ಮಂಚ, ಒಲೆ ಎಲ್ಲ ಇರುವ ಪುಟ್ಟ ಮನೆಯನ್ನೇ ಕಾರಿನ ಹಿಂದೆ ಕಟ್ಟಿಕೊಂಡು ಹೊರಡುತ್ತಾರೆ. ಅದಕ್ಕೆ ಕಾರವಾನ್ ಎನ್ನುತ್ತಾರೆ. ಅವರ ಗಾಡಿಗೂ ನಮ್ಮ ಗೊಬ್ಬರದ ಗಾಡಿಗೂ ದೀಪದ ಸಂಬಂಧ ಒಂದೇ! ಐಎಸ್ಒ 1724 ಎಂಬ ಅಂತರರಾಷ್ಟ್ರೀಯ ಕ್ರಮದಲ್ಲಿ 1ನೆಯ ತೂತು ಎಡ ಇಂಡಿಕೇಟರ್, ಹಳದಿ ತಂತಿ. 2 ನೀಲಿ, ಬೇರೆ ಬೇರೆ ಉಪಯೋಗಕ್ಕೆ. 3 ಬಿಳಿ, ಅದೇ ಅರ್ತ್. 4 ಬಲ ಇಂಡಿಕೇಟರ್, ಹಸಿರು. 5 ಬಲಗಡೆಯ ಹಿಂದಿನ ದೀಪ, ಕಂದು. 6 ಬ್ರೇಕ್, ಕೆಂಪು. 7 ಎಡಗಡೆಯ ಹಿಂದಿನ ದೀಪ, ಕಪ್ಪು. ಆದರೆ ಹಳೆಯ ಗಾಡಿಗೆ ಕೈಗೆ ಸಿಕ್ಕಿದ ಬಣ್ಣದ ತಂತಿ ಹಾಕಿರುತ್ತಾರೆ. ನಮ್ಮದರಲ್ಲಿ ಐದೂ ಕೆಂಪು! ಆದ್ದರಿಂದ ಬಣ್ಣ ನಂಬಬೇಡಿ, ಪರೀಕ್ಷೆ ದೀಪ ನಂಬಿ. ಕ್ಲಿಪ್ಪನ್ನು ಟ್ರ್ಯಾಕ್ಟರಿನ ಮೈಗೆ ಕಚ್ಚಿಸಿ, ಒಬ್ಬರು ಸ್ವಿಚ್ಚು ಹಾಕುತ್ತಿದ್ದ ಹಾಗೆ ಸೂಜಿಯನ್ನು ಒಂದೊಂದೇ ತೂತಿಗೆ ಮುಟ್ಟಿಸಿ ನೋಡಿ. ಅಕ್ಕಪಕ್ಕದ ಎರಡು ತೂತಿಗೆ ಒಟ್ಟಿಗೇ ತಾಗಬಾರದು.

ಕ್ರಮವಾಗಿ ಹುಡುಕಿದರೆ ದಾರಿ ತಪ್ಪುವುದಿಲ್ಲ. ಅಣ್ಣ ಹೇಳಿಕೊಟ್ಟ ಕ್ರಮ ಇದು:

1. ಟ್ರ್ಯಾಕ್ಟರಿನ ಸ್ವಂತ ದೀಪಗಳೂ ಆರಿದ್ದರೆ ತಪ್ಪು ಟ್ರೈಲರಿನದಲ್ಲ. ಫ್ಯೂಸು, ಸ್ವಿಚ್ಚು, ಬ್ಯಾಟರಿ ನೋಡಿ.

2. ಟ್ರ್ಯಾಕ್ಟರಿನದು ಸರಿಯಿದ್ದು ಟ್ರೈಲರಿನ ಎಲ್ಲ ದೀಪ ಆರಿದ್ದರೆ, ಇಲ್ಲವೆ ಮಿಣುಕಿದರೆ, ಸಾಕೆಟ್ಟು ಮತ್ತು ಅರ್ತ್.

3. ಒಂದೇ ದೀಪ ಆರಿದ್ದರೆ ಆ ಬಲ್ಬು, ಅದರ ಹೋಲ್ಡರು, ಆ ತಂತಿ.

4. ಟ್ರೈಲರಿನ ಪ್ಲಗ್ಗು ಚುಚ್ಚಿದೊಡನೆ ಫ್ಯೂಸು ಹಾರಿದರೆ ಎಲ್ಲೋ ತಂತಿಯ ಸಿಪ್ಪೆ ಸುಲಿದು ಕಬ್ಬಿಣಕ್ಕೆ ತಾಗುತ್ತಿದೆ. ಇಲಿ ಕಡಿದ ಜಾಗ, ಕೊಂಡಿಯ ಹತ್ತಿರ ಉಜ್ಜುವ ಜಾಗ ಹುಡುಕಿ. ಬೀಡಿ ಕಟ್ಟಿನ ಬೇಗಡೆ ಸುತ್ತಿ ಫ್ಯೂಸಿನ ಜಾಗಕ್ಕೆ ತುರುಕುವುದು ಮಾತ್ರ ಬೇಡವೇ ಬೇಡ. ಫ್ಯೂಸು ಉಳಿದರೆ ತಂತಿ ಸುಡುತ್ತದೆ.

5. ನಿಂತಾಗ ಉರಿದು ಓಡುವಾಗ ಆರಿದರೆ ಎಲ್ಲೋ ಸಡಿಲ. ಒಬ್ಬರು ದೂರ ನಿಂತು ನೋಡುತ್ತಿರಲಿ, ಇನ್ನೊಬ್ಬರು ತಂತಿಯನ್ನು ಮೊಳಮೊಳ ಕುಲುಕುತ್ತ ಬನ್ನಿ.

ಬಲ್ಬಿನ ವಿಷಯವೂ ಸ್ವಲ್ಪ ಕೇಳಿ. ಹಿಂದಿನ ಬಲ್ಬಿನಲ್ಲಿ ಸಾಮಾನ್ಯವಾಗಿ ಎರಡು ಎಳೆ. 5 ವ್ಯಾಟಿನದು ಸದಾ ಉರಿಯುವ ಕೆಂಪಿಗೆ, 21 ವ್ಯಾಟಿನದು ಬ್ರೇಕಿಗೆ. ಬಲ್ಬಿನ ಕುತ್ತಿಗೆಯ ಎರಡು ಮೊಳೆಗಳು ಒಂದು ಮೇಲೆ ಒಂದು ಕೆಳಗೆ ಇರುತ್ತವೆ, ತಲೆಕೆಳಗು ಹಾಕಬಾರದೆಂದು. ಬಲವಂತವಾಗಿ ತಿರುಚಿ ಹಾಕಿದರೆ ಸದಾ ಬ್ರೇಕಿನ ಬೆಳಕೇ ಉರಿಯುತ್ತಿರುತ್ತದೆ, ಆಗ ನೀವು ಬ್ರೇಕ್ ಹಾಕಿದ್ದು ಹಿಂದಿನವರಿಗೆ ತಿಳಿಯುವುದಿಲ್ಲ. ಈಗ ಬರುವ ಎಲ್ಇಡಿ ದೀಪಕ್ಕೆ ಪ್ಲಸ್ ಮೈನಸ್ ಅದಲು ಬದಲಾದರೆ ಉರಿಯುವುದೇ ಇಲ್ಲ. ಅದು ಕುಡಿಯುವ ಕರೆಂಟು ಬಹಳ ಕಡಿಮೆಯಾದ್ದರಿಂದ ಹಳೆಯ ಟ್ರ್ಯಾಕ್ಟರಿಗೆ ಕಟ್ಟಿದರೆ ಇಂಡಿಕೇಟರ್ ಗಡಿಬಿಡಿಯಲ್ಲಿ ಮಿಟುಕುವುದೂ ಉಂಟು.

ಇನ್ನು ನಮ್ಮ ಮಳೆ. ಜೂನ್ ಬಂತೆಂದರೆ ಅಡಿಗೆಮನೆಯ ಉಪ್ಪೂ ನೀರಾಗುವ ಊರು ನಮ್ಮದು. ಸಾಕೆಟ್ಟಿನ ಹಿತ್ತಾಳೆ ಪಿನ್ನುಗಳು ಮೈಲುತುತ್ತದ ಬಣ್ಣಕ್ಕೆ ತಿರುಗುತ್ತವೆ. ಆ ಕಿಲುಬು ಕರೆಂಟನ್ನು ಒಳಗೆ ಬಿಡುವುದಿಲ್ಲ. ಹಿತ್ತಾಳೆಯಲ್ಲವೆ ಎಂದು ನಾನು ಹುಣಸೆಹಣ್ಣು ತಂದೆ! ಅಣ್ಣ ಕೈ ಹಿಡಿದ. ತಂಬಿಗೆಯನ್ನಾದರೆ ತಿಕ್ಕಿ ತೊಳೆಯುತ್ತೇವೆ, ಇಲ್ಲಿ ಹುಳಿ ಒಳಗೇ ಉಳಿದು ಇನ್ನಷ್ಟು ತಿನ್ನುತ್ತದೆ. ಸಣ್ಣ ಉಪ್ಪುಕಾಗದದಲ್ಲಿ ಒಣದಾಗಿ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ತೆಳ್ಳಗೆ ವ್ಯಾಸಲೀನ್ ಸವರಿ. ಟ್ರೈಲರ್ ಬಿಚ್ಚಿಟ್ಟಾಗ ಪ್ಲಗ್ಗನ್ನು ನೆಲಕ್ಕೆ ಬಿಡದೆ ಬಾಯಿ ಕೆಳಗಾಗಿ ತೂಗುಹಾಕಿ. ಪ್ಲಾಸ್ಟಿಕ್ ಚೀಲ ಬಿಗಿಯಾಗಿ ಕಟ್ಟಬೇಡಿ, ಒಳಗೇ ಬೆವರುತ್ತದೆ.

ನಾವು ಹೊಸ ಅರ್ತ್ ತಂತಿ ಹಾಕಿದೆವು. ಟ್ರೈಲರಿನ ಚೌಕಟ್ಟಿನ ಬಣ್ಣ ತುಕ್ಕು ಕೆರೆದು, ಬಿಳಿ ಕಬ್ಬಿಣ ಕಂಡ ಮೇಲೆ ಬೋಲ್ಟು ಬಿಗಿದು, ಮೇಲೆ ವ್ಯಾಸಲೀನ್. ತಂತಿಗಳನ್ನೆಲ್ಲ ತೋಟದ ಹಳೆಯ ನೀರಿನ ಪೈಪಿನೊಳಗೆ ತೂರಿಸಿದೆವು, ಇಲಿಗೂ ಕಲ್ಲಿಗೂ ಸಿಗದ ಹಾಗೆ. ಕೊಂಡಿಯ ಹತ್ತಿರ ತಂತಿ ಸ್ವಲ್ಪ ಸಡಿಲ ಬಿಡಬೇಕು, ಗಾಡಿ ತಿರುಗುವಾಗ ಜಗ್ಗಬಾರದು. ಆದರೆ ನೆಲಕ್ಕೆ ಎಳೆಯುವಷ್ಟು ಅಲ್ಲ. ಹೆಣ್ಣುಮಕ್ಕಳ ಜಡೆ ಹಾಕಿ ಪಳಗಿದ ಕೈಗೆ ಈ ಹದ ಹೇಳಿಕೊಡಬೇಕೆ?

ಕೈ ಹಾಕುವ ಮುನ್ನ ಎಚ್ಚರಿಕೆ. ಹನ್ನೆರಡು ವೋಲ್ಟು ನಮ್ಮನ್ನು ಹೊಡೆದು ಬೀಳಿಸುವುದಿಲ್ಲ ನಿಜ. ಆದರೆ ಲೋಹದ ಬಳೆಯೋ ಉಂಗುರವೋ ಬ್ಯಾಟರಿಯ ಪ್ಲಸ್ಸಿಗೂ ಕಬ್ಬಿಣಕ್ಕೂ ಮಧ್ಯೆ ಸಿಕ್ಕರೆ ಕ್ಷಣದಲ್ಲಿ ಕಾದು ಕೈ ಸುಡುತ್ತದೆ. ತೆಗೆದಿಟ್ಟೇ ಕೆಲಸ ಮಾಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ. ಬ್ಯಾಟರಿಯಿಂದ ಹತ್ತಿಕೊಳ್ಳುವ ಗಾಳಿ ಬರುತ್ತದೆ, ಚಿಮಣಿ ದೀಪ, ಬೆಂಕಿಕಡ್ಡಿ ಹತ್ತಿರ ತರಬೇಡಿ. ಇಂಜಿನ್ ಓಡುತ್ತಿರುವಾಗ ಟ್ರ್ಯಾಕ್ಟರಿಗೂ ಟ್ರೈಲರಿಗೂ ನಡುವೆ ಹೋಗಿ ನಿಲ್ಲಬೇಡಿ. ಗಾಲಿಗೆ ಕಲ್ಲು ಕೊಡಿ. ಈ ಧೈರ್ಯದಲ್ಲಿ ಮನೆಯ 230 ವೋಲ್ಟಿಗೆ ಮಾತ್ರ ಕೈ ಹಾಕಬೇಡಿ, ಅದು ಬೇರೆಯೇ ಹುಲಿ.

ಕಾನೂನೂ ಇದೆ. 1989ರ ಕೇಂದ್ರ ಮೋಟಾರು ವಾಹನಗಳ ನಿಯಮಗಳ ಪ್ರಕಾರ ಸೂರ್ಯಾಸ್ತದ ಅರ್ಧ ಗಂಟೆಯ ನಂತರದಿಂದ ಸೂರ್ಯೋದಯದ ಅರ್ಧ ಗಂಟೆ ಮುಂಚಿನ ತನಕ ಗಾಡಿಯ ದೀಪ ಉರಿಯುತ್ತಿರಬೇಕು. ಆದರೆ ಅತ್ತೆಯವರು ಕಾನೂನಿನ ಮಾತು ಕೇಳಿ ಅಂದದ್ದು ಬೇರೆ: “ನಮ್ಮ ಕಾಲದಲ್ಲಿ ಎತ್ತಿನಗಾಡಿಗೂ ರಾತ್ರಿ ಹೊತ್ತು ಕೆಳಗೆ ಲಾಟೀನು ಕಟ್ತಿದ್ರು ಕಣೇ. ಹಿಂದೆ ಬರೋನೂ ಒಬ್ಬ ತಾಯಿ ಮಗ ಅಲ್ವಾ?” ನಾವು ಕರೆಂಟು ಬೇಡದ ಕೆಂಪು ರಿಫ್ಲೆಕ್ಟರುಗಳನ್ನೂ ಹಿಂದಿನ ಎರಡು ಮೂಲೆಗೆ ಬಡಿದೆವು. ದೀಪ ಕೈಕೊಟ್ಟರೂ ಹಿಂದಿನವರ ಬೆಳಕಿಗೆ ಅವಾದರೂ ಹೊಳೆಯುತ್ತವೆ. ಮೇಲೆ ಕೆಸರು ಮೆತ್ತಿದರೆ ಮಾತ್ರ ಅವೂ ಕುರುಡು, ದಿನಾ ಒರೆಸಬೇಕು.

ಇದೆಲ್ಲ ಕಲಿತದ್ದರಿಂದ ಆ ಹುಡುಗನ ಕಾಲು ಮೊದಲಿನಂತಾಗಲಿಲ್ಲ. ಈಗಲೂ ಸ್ವಲ್ಪ ಎಳೆದು ನಡೆಯುತ್ತಾನೆ, ಮಳೆಗಾಲದಲ್ಲಿ ನೋಯುತ್ತದಂತೆ. ಕೆಲಸ ಒಂದು ಸಿಕ್ಕಿದೆ, ದೇವರ ದಯೆ.

2020ರ ಜನವರಿಯಲ್ಲಿ ಒಂದು ಸಂಜೆ ಅವನು ಬೈಕು ತಳ್ಳಿಕೊಂಡು ನಮ್ಮ ಅಂಗಳಕ್ಕೆ ಬಂದ. ಅಪಘಾತದ ಮೇಲೆ ಅವನು ನಮ್ಮ ಮನೆಗೆ ಬಂದದ್ದು ಅದೇ ಮೊದಲು. ನನಗೆ ಎದೆ ಡವಡವ. “ಚಿಕ್ಕಮ್ಮಾ, ಹಿಂದಿನ ಲೈಟು ಮಿಣುಕುತ್ತೆ. ಅಮ್ಮ ಅಂದ್ಲು, ಚಿಕ್ಕಮ್ಮನ ಹತ್ರ ತೋರಿಸ್ಕೊಂಡು ಬಾ ಅಂತ” ಎಂದ. ನಾನು ಹಾರ್ಲಿಕ್ಸ್ ಡಬ್ಬಿ ತಂದೆ. ಹೋಲ್ಡರಿನಲ್ಲಿ ಕಿಲುಬು, ಅಷ್ಟೇ. ಉಜ್ಜಿ ಕೊಟ್ಟೆ. ಕಾಫಿ ಕುಡಿದು ಹೋದ. ತಿರುವಿನ ತನಕ ಆ ಕೆಂಪು ಚುಕ್ಕಿ ಕಾಣುತ್ತಿತ್ತು, ನಾನು ನಿಂತು ನೋಡಿದೆ. ಆ ಬೇಸಿಗೆಯಲ್ಲಿ ಅಕ್ಕ ಮಾವಿನ ಮಿಡಿಯ ಬುಟ್ಟಿ ಹೊತ್ತು ಹಿತ್ತಿಲ ಬಾಗಿಲಿಗೆ ಬಂದರು. “ಉಪ್ಪು ಹುರಿದಿಟ್ಟಿದ್ಯಾ?” ಎಂದು ಕೇಳಿದರು. ಬೇರೆ ಮಾತು ಇಬ್ಬರೂ ಆಡಲಿಲ್ಲ.

ನಿಮ್ಮ ಮನೆಯಲ್ಲಿ ಟ್ರ್ಯಾಕ್ಟರ್ ಇರಬಹುದು, ಪಿಕಪ್ಪು ಇರಬಹುದು, ಬರೀ ಸ್ಕೂಟರ್ ಇರಬಹುದು. ಓಡಿಸುವವರಿಗೆ ತಮ್ಮ ಬೆನ್ನ ಹಿಂದಿನ ದೀಪ ಕಾಣುವುದಿಲ್ಲ. ಬಾಗಿಲಲ್ಲಿ ನಿಂತು ಕಳಿಸಿಕೊಡುವ ನಮಗೆ ಕಾಣುತ್ತದೆ. ಆದ್ದರಿಂದ ಇವತ್ತು ಸಂಜೆ ದೀಪ ಹಚ್ಚಿದ ಮೇಲೆ ಒಂದು ನಿಮಿಷ ಗಾಡಿಯ ಹಿಂದೆ ಹೋಗಿ ನಿಂತು, “ರೀ, ಒಮ್ಮೆ ಬ್ರೇಕ್ ಒತ್ತಿ” ಎಂದು ಕೂಗಿ. ಬೆಳಕು ಬರದಿದ್ದರೆ ಹೇಳಿ. ಒಮ್ಮೆ ಹೇಳಿದರೆ ಆಗದಿದ್ದರೆ ಮೂರನೆಯ ಸಲವೂ ಹೇಳಿ.